ಸುತ್ತಲೂ ಸಮವಾಗಿ ಹರಡುವ ಆಂಟೆನಾ: ಪೋಲರೈಸೇಶನ್ ಆರಿಸುವುದರಿಂದ ಕಂಬಕ್ಕೆ ಏರಿಸುವವರೆಗೆ

ಆಂಟೆನಾ ಮಾಡಲು ಹೊರಟವರು ಮೊದಲು ಕೇಳುವುದು "ಗೇನ್ ಎಷ್ಟು ಬರುತ್ತೆ?" ಅಂತ. ಗೇನ್ ಅಂದರೆ ಶಕ್ತಿಯನ್ನು ಬೇಕಾದ ಕಡೆಗೆ ಒಟ್ಟುಮಾಡಿ ಆಂಟೆನಾ ಸಿಗ್ನಲ್ಲನ್ನು ಎಷ್ಟು ಹೆಚ್ಚಿಸುತ್ತದೆ ಅನ್ನುವ ಅಳತೆ. ನನ್ನ ಲೆಕ್ಕದಲ್ಲಿ ಅದು ಮೂರನೇ ಪ್ರಶ್ನೆ. ಆ ಕಡೆ ಇರುವವರ ಆಂಟೆನಾ ನಿಂತಿದೆಯೋ ಮಲಗಿದೆಯೋ ಅನ್ನುವುದು ಮೊದಲನೆಯದು. ಅವರು ನೆಲದ ಮೇಲಿದ್ದಾರೋ ಆಕಾಶದಲ್ಲಿದ್ದಾರೋ ಅನ್ನುವುದು ಎರಡನೆಯದು. ಇವೆರಡಕ್ಕೆ ಉತ್ತರ ಸಿಕ್ಕರೆ ಆಂಟೆನಾದ ಆಕಾರ ತಾನಾಗಿಯೇ ಗೊತ್ತಾಗುತ್ತದೆ. ಇವನ್ನು ಬಿಟ್ಟು ಗೇನ್ ಹಿಂದೆ ಹೋದರೆ, ದುಬಾರಿ ಆಂಟೆನಾ ಇದ್ದರೂ ಪಕ್ಕದ ಊರಿನ ಸಿಗ್ನಲ್ ಕ್ಷೀಣವಾಗಿ ಕೇಳಿಸುತ್ತದೆ.

ಉದಾಹರಣೆಗೆ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ, 2 ಮೀಟರ್ ಬ್ಯಾಂಡ್ ತೆಗೆದುಕೊಳ್ಳೋಣ. ಭಾರತದಲ್ಲಿ ಇದು 144ರಿಂದ 146 ಮೆಗಾಹರ್ಟ್ಸ್. ಇಲ್ಲಿ ಆಂಟೆನಾ ಕೈಗೆ ಸಿಗುವ ಅಳತೆಯಲ್ಲಿ ಇರುತ್ತದೆ: ಒಂದು ಕಡ್ಡಿ ಅರ್ಧ ಮೀಟರ್ ಆಸುಪಾಸು. ಸಾಮಾನೆಲ್ಲ ಹಾರ್ಡ್‌ವೇರ್ ಅಂಗಡಿ ಮತ್ತು ಬೆಂಗಳೂರಿನ ಎಸ್.ಪಿ. ರೋಡಿನಂಥ ಎಲೆಕ್ಟ್ರಾನಿಕ್ಸ್ ಬೀದಿಯಲ್ಲಿ ಸಿಗುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಬ್ಯಾಂಡ್‌ನಲ್ಲಿ ಪ್ರಸಾರ ಮಾಡಲು ಹ್ಯಾಮ್ ಲೈಸೆನ್ಸ್ ಬೇಕೇ ಬೇಕು. ಪರೀಕ್ಷೆ ಕಷ್ಟವಿಲ್ಲ, ಓದಿ ಬರೆಯಿರಿ.

ಮೊದಲ ಹೆಜ್ಜೆ: ಅಲೆ ಯಾವ ಕಡೆ ಆಡುತ್ತಿದೆ?

ರೇಡಿಯೋ ಅಲೆಯಲ್ಲಿ ಒಂದು ವಿದ್ಯುತ್ ಕ್ಷೇತ್ರ, ಒಂದು ಕಾಂತಕ್ಷೇತ್ರ ಇರುತ್ತವೆ. ವಿದ್ಯುತ್ ಕ್ಷೇತ್ರ ಯಾವ ಕಡೆ ಹೊಯ್ದಾಡುತ್ತದೋ ಅದೇ ಅಲೆಯ ಪೋಲರೈಸೇಶನ್. ನೆಟ್ಟಗೆ ನಿಂತ ಕಡ್ಡಿಯಿಂದ ಹೊರಟ ಅಲೆ ಮೇಲೆ-ಕೆಳಗೆ ಆಡುತ್ತದೆ, ಇದು ವರ್ಟಿಕಲ್. ಮಲಗಿಸಿದ ಕಡ್ಡಿಯಿಂದ ಹೊರಟದ್ದು ಅಡ್ಡಡ್ಡ ಆಡುತ್ತದೆ, ಇದು ಹಾರಿಜಾಂಟಲ್. ಕ್ಷೇತ್ರ ತಿರುಗುತ್ತಾ ತಿರುಗುತ್ತಾ ಮುಂದೆ ಹೋದರೆ ಸರ್ಕ್ಯುಲರ್. ಅದರಲ್ಲಿ ಬಲಗೈ ಸುತ್ತು, ಎಡಗೈ ಸುತ್ತು ಅಂತ ಎರಡು ಬಗೆ.

ಕಳಿಸುವವರದು ವರ್ಟಿಕಲ್, ಕೇಳುವವರದು ಹಾರಿಜಾಂಟಲ್ ಆದರೆ ಏನಾಗುತ್ತದೆ? ಲೆಕ್ಕದ ಪ್ರಕಾರ ಏನೂ ಕೇಳಿಸಬಾರದು. ನಿಜದಲ್ಲಿ ಗೋಡೆ, ಗುಡ್ಡ, ತಂತಿಗಳಿಗೆ ಬಡಿದು ಅಲೆ ಒಂದಿಷ್ಟು ಓರೆಯಾಗುವುದರಿಂದ ಸ್ವಲ್ಪ ಕೇಳಿಸುತ್ತದೆ. ಆದರೂ ಬಯಲಲ್ಲಿ 20 ಡಿಬಿ (ಡೆಸಿಬೆಲ್, ಶಕ್ತಿಯ ಏರಿಳಿತದ ಅಳತೆ) ನಷ್ಟ ಸಾಮಾನ್ಯ. 20 ಡಿಬಿ ಅಂದರೆ ನೂರರಲ್ಲಿ ಒಂದು ಪಾಲು. 50 ವ್ಯಾಟ್‌ನ ಸೆಟ್ ಅರ್ಧ ವ್ಯಾಟ್‌ನ ಹಾಗೆ ಕೇಳಿಸುತ್ತದೆ! ಒಂದು ಕಡೆ ಸರ್ಕ್ಯುಲರ್, ಇನ್ನೊಂದು ಕಡೆ ನೆಟ್ಟಗಿನದೋ ಅಡ್ಡದ್ದೋ ಆದರೆ ನಷ್ಟ 3 ಡಿಬಿ ಮಾತ್ರ, ಅಂದರೆ ಅರ್ಧ ಶಕ್ತಿ. ಎರಡೂ ಕಡೆ ಸರ್ಕ್ಯುಲರ್ ಇದ್ದು ಸುತ್ತು ಮಾತ್ರ ಉಲ್ಟಾ ಆದರೆ ಮತ್ತೆ ದೊಡ್ಡ ನಷ್ಟ.

ಇದನ್ನು ಒಂದು ನಿಮಿಷದಲ್ಲಿ ಕಿವಿಯಾರೆ ಕೇಳಬಹುದು. ದೂರದ ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಪ್ರಸಾರ ಮಾಡುವ ಕೇಂದ್ರ) ಒಂದನ್ನು ಹ್ಯಾಂಡಿಯಲ್ಲಿ, ಅಂದರೆ ಕೈಸೆಟ್ಟಿನಲ್ಲಿ, ಹಿಡಿಯಿರಿ, ಸ್ವಲ್ಪ ಗರಗರ ಇರುವಂಥದ್ದೇ ಆಗಬೇಕು. ಈಗ ಹ್ಯಾಂಡಿಯನ್ನು ನಿಧಾನವಾಗಿ ಅಡ್ಡ ಮಲಗಿಸಿ. ಗರಗರ ಜಾಸ್ತಿಯಾಗಿ ಮಾತು ಮುಳುಗುತ್ತದೆ. ನೆಟ್ಟಗೆ ಎತ್ತಿದರೆ ಮತ್ತೆ ತೇಲುತ್ತದೆ. ಇಷ್ಟೇ ಪೋಲರೈಸೇಶನ್.

ಎರಡನೇ ಹೆಜ್ಜೆ: ಯಾವುದನ್ನು ಆರಿಸಬೇಕು?

ಇಲ್ಲಿ ನಿಮ್ಮ ಇಷ್ಟಕ್ಕೆ ಹೆಚ್ಚು ಜಾಗವಿಲ್ಲ. ಆ ಕಡೆಯವರು ಬಳಸುವುದನ್ನೇ ನೀವೂ ಬಳಸಬೇಕು.

ಕಾರಿನ ಮೇಲಿನ ಆಂಟೆನಾ, ಕೈಯಲ್ಲಿ ಹಿಡಿಯುವ ಸೆಟ್ಟು ಎಲ್ಲ ನೆಟ್ಟಗೇ ಇರುತ್ತವೆ. ಹಾಗಾಗಿ ಎಫ್‌ಎಂ ಮಾತು, ರಿಪೀಟರ್, ಪೊಲೀಸ್ ವೈರ್‌ಲೆಸ್ ಎಲ್ಲವೂ ವರ್ಟಿಕಲ್. 2 ಮೀಟರ್‌ನಲ್ಲಿ ಎಸ್‌ಎಸ್‌ಬಿ (ಕಿರಿದಾದ ಜಾಗದಲ್ಲಿ ಮಾತು ಕಳಿಸುವ ಬಗೆ) ಹಾಕಿಕೊಂಡು ದೂರದ ಕ್ಷೀಣ ಸಿಗ್ನಲ್ ಹುಡುಕುವವರು ಮಾತ್ರ ವಾಡಿಕೆಯಂತೆ ಹಾರಿಜಾಂಟಲ್ ಬಳಸುತ್ತಾರೆ. ಒಂದು ಕಾಲದಲ್ಲಿ ಮನೆ ಮನೆಯ ತಾರಸಿಯ ಮೇಲಿದ್ದ ದೂರದರ್ಶನದ ಅಲ್ಯೂಮಿನಿಯಂ ಯಾಗಿ ನೆನಪಿದೆ ಅಲ್ವಾ? ಅದರ ಕಡ್ಡಿಗಳೆಲ್ಲ ಮಲಗಿರುತ್ತಿದ್ದವು, ಏಕೆಂದರೆ ಪ್ರಸಾರವೂ ಹಾರಿಜಾಂಟಲ್ ಆಗಿತ್ತು. ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್ ಮೀಡಿಯಂ ವೇವ್ ಅದಕ್ಕೆ ಉಲ್ಟಾ. ಅಲ್ಲಿ ಅಲೆಯ ಉದ್ದ 490 ಮೀಟರ್, ಅಲೆ ನೆಲ ಹಿಡಿದು ಸಾಗಬೇಕು. ಅಡ್ಡ ಆಡುವ ಕ್ಷೇತ್ರವನ್ನು ನೆಲ ನುಂಗಿಹಾಕುತ್ತದೆ. ಆದ್ದರಿಂದ ಮೀಡಿಯಂ ವೇವ್‌ನಲ್ಲಿ ನೆಟ್ಟಗೆ ನಿಂತ ಗೋಪುರವೇ ಆಂಟೆನಾ.

ಎಫ್‌ಎಂ ಪ್ರಸಾರ ಕೇಂದ್ರಗಳಿಗೆ ಬೇರೆ ತಲೆನೋವು. ಕೇಳುಗರಲ್ಲಿ ಒಬ್ಬರ ಕಾರಿನ ಆಂಟೆನಾ ನೆಟ್ಟಗೆ, ಇನ್ನೊಬ್ಬರ ರೇಡಿಯೋದ ಕಡ್ಡಿ ಓರೆ, ಮತ್ತೊಬ್ಬರಿಗೆ ಇಯರ್‌ಫೋನ್ ತಂತಿಯೇ ಆಂಟೆನಾ. ಯಾರನ್ನೂ ಬಿಡುವಂತಿಲ್ಲ. ಅದಕ್ಕೇ ಅಲ್ಲಿ ಸರ್ಕ್ಯುಲರ್ ಬಳಕೆ ಜಾಸ್ತಿ. ಎಲ್ಲರಿಗೂ 3 ಡಿಬಿ ಕಡಿಮೆಯಾದರೂ ಯಾರಿಗೂ 20 ಡಿಬಿ ಕಡಿಮೆಯಾಗುವುದಿಲ್ಲ. ಸಮುದಾಯ ಬಾನುಲಿ ಕಟ್ಟುವವರು ಈ ಲೆಕ್ಕವನ್ನು ಮನಸ್ಸಿಟ್ಟು ನೋಡಬೇಕು. ಅವರ ಶಕ್ತಿ ಮೊದಲೇ ಚಿಕ್ಕದು, ಒಂದು ಹಳ್ಳಿಯ ಕೇಳುಗರನ್ನು ಕಳೆದುಕೊಂಡರೂ ಅದು ದೊಡ್ಡ ನಷ್ಟ.

ಉಪಗ್ರಹಗಳಿಗೂ ಸರ್ಕ್ಯುಲರ್ರೇ ಬೇಕು, ಆದರೆ ಕಾರಣ ಬೇರೆ. ಉಪಗ್ರಹ ತಿರುಗುತ್ತಾ ಸಾಗುತ್ತದೆ, ಅದರ ಆಂಟೆನಾ ನಿಮ್ಮ ಕಣ್ಣಿಗೆ ಒಮ್ಮೆ ನೆಟ್ಟಗೆ, ಒಮ್ಮೆ ಅಡ್ಡ. ಮೇಲಾಗಿ ಅಯಾನುಗೋಳವನ್ನು ದಾಟುವಾಗ ಅಲೆ ತಾನೇ ತಿರುಚಿಕೊಳ್ಳುತ್ತದೆ. 2005ರ ಮೇ 5ರಂದು ಶ್ರೀಹರಿಕೋಟದಿಂದ ಕಾರ್ಟೋಸ್ಯಾಟ್-1ರ ಜೊತೆ ಹಾರಿದ ಹ್ಯಾಮ್‌ಸ್ಯಾಟ್, ಇಸ್ರೋ ಮತ್ತು ಇಲ್ಲಿನ ಹ್ಯಾಮ್‌ಗಳು ಸೇರಿ ರೂಪಿಸಿದ ಉಪಗ್ರಹ, ತನ್ನ ಸುತ್ತ ತಾನೇ ಗಿರಗಿರ ಸುತ್ತುತ್ತಾ ಸ್ಥಿರವಾಗಿರುತ್ತಿದ್ದಂಥದ್ದು. ಅಂಥದ್ದನ್ನು ನೆಟ್ಟಗಿನ ಕಡ್ಡಿಯಿಂದ ಕೇಳಿದರೆ ದನಿ ಏರುತ್ತಾ ಇಳಿಯುತ್ತಾ ಇರುತ್ತದೆ.

ಮೂರನೇ ಹೆಜ್ಜೆ: "ಸುತ್ತಲೂ" ಅಂದರೆ ಎಲ್ಲಿಯವರೆಗೆ?

ಯಾವ ಆಂಟೆನಾವೂ ನಿಜಕ್ಕೂ ಎಲ್ಲ ಕಡೆಗೂ ಸಮವಾಗಿ ಹರಡುವುದಿಲ್ಲ. ಓಮ್ನಿ ಅಂತ ನಾವು ಕರೆಯುವುದು ಅಡ್ಡಡ್ಡಲಾಗಿ 360 ಡಿಗ್ರಿ ಸಮವಾಗಿರುವುದನ್ನು. ನಿಂತ ಡೈಪೋಲ್‌ನ (ನಡುವೆ ಕೇಬಲ್ ಸೇರುವ ಎರಡು ತೋಳಿನ ಕಡ್ಡಿ) ಹರಡುವಿಕೆ ಉದ್ದಿನವಡೆಯ ಹಾಗೆ, ತೂತಿನಲ್ಲಿ ಕಡ್ಡಿ. ಸುತ್ತಲೂ ದಪ್ಪ, ತಲೆಯ ಮೇಲೂ ಬುಡದಲ್ಲೂ ಖಾಲಿ. ಕಂಬದ ಬುಡದಲ್ಲೇ ನಿಂತವರಿಗೆ ಸಿಗ್ನಲ್ ಕಡಿಮೆ ಸಿಗುವುದು ಇದಕ್ಕೇ.

ಓಮ್ನಿ ಆಂಟೆನಾದಲ್ಲಿ ಗೇನ್ ಬರುವುದು ಈ ಆಕಾರವನ್ನು ಮೇಲಿಂದ ಒತ್ತಿ ಚಪ್ಪಟೆ ಮಾಡಿದಾಗ. ಡೈಪೋಲ್‌ನ ಅರ್ಧಶಕ್ತಿಯ ಅಗಲ ಮೇಲೆ-ಕೆಳಗೆ 78 ಡಿಗ್ರಿ. ಒಂದರ ಮೇಲೊಂದು ಡೈಪೋಲ್ ಜೋಡಿಸಿದ ಕೊಲಿನಿಯರ್‌ನಲ್ಲಿ ಗೇನ್ ಏರಿದಷ್ಟೂ ಈ ಅಗಲ ಕಿರಿದಾಗುತ್ತಾ ಹೋಗುತ್ತದೆ. ಬಯಲುಸೀಮೆಯ ಸಮತಟ್ಟು ನೆಲದಲ್ಲಿ ಅದು ಒಳ್ಳೆಯದೇ. ತಲೆಯ ಮೇಲೆ ಹಾದುಹೋಗುವ ಉಪಗ್ರಹಕ್ಕೆ ಅದು ಪ್ರಯೋಜನವಿಲ್ಲ. ಬೆಟ್ಟದ ನೆತ್ತಿಯ ಮೇಲೆ ಇಟ್ಟರೆ ಬುಡದ ಊರುಗಳೇ ತಪ್ಪಿಹೋಗಬಹುದು.

ಗೇನ್‌ಗಿಂತ ಎತ್ತರಕ್ಕೆ ಮೊದಲು ದುಡ್ಡು ಹಾಕಿ. ರೇಡಿಯೋ ದಿಗಂತದ ದೂರ, ಕಿಲೋಮೀಟರ್ ಲೆಕ್ಕದಲ್ಲಿ, 4.12 ಗುಣಿಸು ಎತ್ತರದ ವರ್ಗಮೂಲ (ಎತ್ತರ ಮೀಟರ್‌ನಲ್ಲಿ). 10 ಮೀಟರ್ ಎತ್ತರಕ್ಕೆ 13 ಕಿ.ಮೀ. ಆ ಕಡೆಯವರು ಹ್ಯಾಂಡಿಯನ್ನು ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದಿದ್ದರೆ ಅವರ ಪಾಲು 5 ಕಿ.ಮೀ. ಒಟ್ಟು 18. ನಿಮ್ಮ ಕಂಬವನ್ನು 20 ಮೀಟರ್‌ಗೆ ಏರಿಸಿದರೆ ಒಟ್ಟು 23 ದಾಟುತ್ತದೆ. ನಡುವೆ ಗುಡ್ಡ ಇದ್ದರೆ ಈ ಲೆಕ್ಕ ನಡೆಯುವುದಿಲ್ಲ, ಮಲೆನಾಡಿನವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ.

ನಾಲ್ಕನೇ ಹೆಜ್ಜೆ: ವರ್ಟಿಕಲ್ ಓಮ್ನಿ, ಅಂದರೆ ಗ್ರೌಂಡ್ ಪ್ಲೇನ್

ಮೊದಲ ಆಂಟೆನಾ ಇದೇ ಇರಲಿ. ಒಂದು ಮಧ್ಯಾಹ್ನದ ಕೆಲಸ.

ಅಲೆಯ ಉದ್ದ ಮೀಟರ್‌ನಲ್ಲಿ ಬೇಕಾದರೆ 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 145ಕ್ಕೆ 2.07 ಮೀಟರ್. ಕಾಲು ಭಾಗ 51.7 ಸೆಂಟಿಮೀಟರ್. ಕಡ್ಡಿಯ ದಪ್ಪ ಮತ್ತು ತುದಿಯ ಪರಿಣಾಮದಿಂದ ನಿಜವಾದ ಉದ್ದ ಸುಮಾರು ಶೇ. 5ರಷ್ಟು ಕಡಿಮೆ, ಅಂದರೆ 49 ಸೆಂಟಿಮೀಟರ್. ಶುರುವಿನಲ್ಲಿ 51ಕ್ಕೇ ಕತ್ತರಿಸಿ. ಉದ್ದ ಇದ್ದರೆ ಆಮೇಲೆ ಕತ್ತರಿಸಬಹುದು, ಗಿಡ್ಡ ಆದರೆ ಬೆಸೆಯಬೇಕು.

ಬೇಕಾದ ಸಾಮಾನು: ಒಂದು ಎಸ್‌ಒ-239 ಚಾಸಿ ಸಾಕೆಟ್, 2 ಅಥವಾ 3 ಮಿಲಿಮೀಟರ್ ದಪ್ಪದ ಹಿತ್ತಾಳೆ ಅಥವಾ ತಾಮ್ರದ ಕಡ್ಡಿ ಐದು, ನಾಲ್ಕು ಸ್ಕ್ರೂ-ನಟ್ಟು. ಮನೆ ವೈರಿಂಗ್‌ನ ತಂತಿ ಬಳಸುವುದಾದರೆ ಮೇಲಿನ ಪ್ಲಾಸ್ಟಿಕ್ ಸುಲಿದುಬಿಡಿ. ಪ್ಲಾಸ್ಟಿಕ್ ಇದ್ದರೆ ಅಲೆ ನಿಧಾನವಾಗಿ, ಉದ್ದದ ಲೆಕ್ಕ ಇನ್ನೂ ಕೆಲವು ಶೇಕಡ ಕಡಿಮೆಯಾಗುತ್ತದೆ.

ಒಂದು ಕಡ್ಡಿಯನ್ನು ಸಾಕೆಟ್‌ನ ನಡುಪಿನ್ನಿಗೆ ನೆಟ್ಟಗೆ ಬೆಸುಗೆ ಹಾಕಿ. ಉಳಿದ ನಾಲ್ಕು ರೇಡಿಯಲ್‌ಗಳು, 52 ಸೆಂಟಿಮೀಟರ್ ಉದ್ದ. ತುದಿಯನ್ನು ಸಣ್ಣ ಕೊಕ್ಕೆಯಾಗಿ ಬಗ್ಗಿಸಿ, ಸಾಕೆಟ್‌ನ ನಾಲ್ಕು ಮೂಲೆಯ ತೂತುಗಳಿಗೆ ಸ್ಕ್ರೂನಿಂದ ಬಿಗಿಮಾಡಿ. ರೇಡಿಯಲ್‌ಗಳನ್ನು ನೇರ ಅಡ್ಡಕ್ಕೆ ಚಾಚಿದರೆ ಆಂಟೆನಾದ ಇಂಪಿಡೆನ್ಸ್ (ರೇಡಿಯೋ ಕರೆಂಟ್‌ಗೆ ಅದು ಒಡ್ಡುವ ತಡೆ) ಸುಮಾರು 36 ಓಮ್. 45 ಡಿಗ್ರಿ ಕೆಳಕ್ಕೆ ಬಾಗಿಸಿದರೆ ಅದು 50ರ ಹತ್ತಿರ ಬರುತ್ತದೆ, ನಿಮ್ಮ ಕೇಬಲ್ಲೂ 50 ಓಮ್. ಮ್ಯಾಚಿಂಗ್‌ಗೆ ಬೇರೆ ಏನೂ ಬೇಡ. ಆಂಟೆನಾ ತನ್ನ ರೆಕ್ಕೆ ಬಾಗಿಸಿಯೇ ಹೊಂದಿಕೊಳ್ಳುವುದು ನನಗೆ ಇಂದಿಗೂ ಇಷ್ಟವಾಗುವ ಸಂಗತಿ.

ರೇಡಿಯಲ್ ನಾಲ್ಕೇ ಬೇಕು ಅಂತೇನಿಲ್ಲ. ಎದುರುಬದುರು ಎರಡಿದ್ದರೂ ಹೆಚ್ಚುಕಡಿಮೆ ಸುತ್ತಲೂ ಸಮವಾಗಿಯೇ ಹರಡುತ್ತದೆ. ಮೂರೋ ನಾಲ್ಕೋ ಇದ್ದರೆ ಗಾಳಿಗೆ ಒಂದು ಬಾಗಿದರೂ ಚಿಂತೆ ಇಲ್ಲ.

ಈಗ ನ್ಯಾನೋವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಅಥವಾ ಎಸ್‌ಡಬ್ಲ್ಯುಆರ್ ಮೀಟರ್ ಹಚ್ಚಿ. ಎಸ್‌ಡಬ್ಲ್ಯುಆರ್ ಅಂದರೆ ಕಳಿಸಿದ ಶಕ್ತಿ ಎಷ್ಟು ವಾಪಸ್ ಬರುತ್ತಿದೆ ಅನ್ನುವುದರ ಸೂಚಕ. ಆಂಟೆನಾ ಬಯಲಲ್ಲಿ, ನೆಲದಿಂದ ಕನಿಷ್ಠ ಎರಡು ಮೀಟರ್ ಮೇಲೆ ಇರಲಿ. ನೀವು ದೂರ ನಿಲ್ಲಿ. ಕುಣಿ, ಅಂದರೆ ಎಸ್‌ಡಬ್ಲ್ಯುಆರ್ ತೀರಾ ಕೆಳಗಿಳಿಯುವ ಜಾಗ, ಎಷ್ಟು ಮೆಗಾಹರ್ಟ್ಸ್‌ನಲ್ಲಿದೆ ನೋಡಿ. ಕಡ್ಡಿಯಿಂದ 1 ಸೆಂಟಿಮೀಟರ್ ಕತ್ತರಿಸಿದರೆ ಕುಣಿ ಸುಮಾರು 3 ಮೆಗಾಹರ್ಟ್ಸ್ ಮೇಲಕ್ಕೆ ಸರಿಯುತ್ತದೆ. ಅದು 141ರಲ್ಲಿದ್ದರೆ 1 ಸೆಂಟಿಮೀಟರ್ ತೆಗೆಯಿರಿ. 144ಕ್ಕೆ ಬಂತೇ? ಇನ್ನು ಕತ್ತರಿ ಬೇಡ, ಅರ ಸಾಕು. ಬೇಕಿರುವುದು 3 ಮಿಲಿಮೀಟರ್. ಕೊನೆಗೆ ಕಡ್ಡಿಯ ಚೂಪು ತುದಿಯನ್ನು ಪುಟ್ಟ ಉಂಗುರವಾಗಿ ಬಗ್ಗಿಸಬೇಕು ಅನ್ನುವ ಆಸೆ ಇದ್ದರೆ ಅಳೆಯುವ ಮುಂಚೆಯೇ ಬಗ್ಗಿಸಿ. ಅದು ಕಣ್ಣಿಗೂ ಕ್ಷೇಮ.

ಒಂದು ವಿಷಯ ಒತ್ತಿ ಹೇಳಬೇಕು. ಎಸ್‌ಡಬ್ಲ್ಯುಆರ್ ಚೆನ್ನಾಗಿದ್ದರೆ ಆಂಟೆನಾ ಚೆನ್ನಾಗಿದೆ ಅಂತ ಅರ್ಥವಲ್ಲ. ಡಮ್ಮಿ ಲೋಡ್‌ಗೂ (ಶಕ್ತಿಯನ್ನೆಲ್ಲ ಬಿಸಿ ಮಾಡಿ ನುಂಗುವ ರೆಸಿಸ್ಟರ್) ಎಸ್‌ಡಬ್ಲ್ಯುಆರ್ 1:1 ಇರುತ್ತದೆ, ಅದು ಒಂದು ಓಣಿಯಾಚೆಗೂ ಕೇಳಿಸುವುದಿಲ್ಲ. ಮೀಟರ್ ಹೇಳುವುದು ಶಕ್ತಿ ವಾಪಸ್ ಬರುತ್ತಿಲ್ಲ ಅಂತ ಮಾತ್ರ. ಎಲ್ಲಿಗೆ ಹೋಯಿತು ಅಂತ ಹೇಳುವುದಿಲ್ಲ.

ಕೇಬಲ್‌ನ ಹೊರಜಾಲರಿಯ ಮೇಲೆ ಕರೆಂಟ್ ಹರಿಯಲು ಬಿಟ್ಟರೆ ಕೇಬಲ್ಲೇ ಆಂಟೆನಾ ಆಗಿ ಹರಡುವಿಕೆ ಕೆಡುತ್ತದೆ. ಕೇಬಲ್ ಆಂಟೆನಾಗೆ ಸೇರುವ ಜಾಗದ ಕೆಳಗೇ, ಆ ಕರೆಂಟ್ ತಡೆಯಲು, ಈ ಬ್ಯಾಂಡ್‌ಗೆ (ವಿಎಚ್‌ಎಫ್) ತಕ್ಕ ಫೆರೈಟ್ ಕ್ಲಿಪ್ ನಾಲ್ಕೈದು ಸಾಲಾಗಿ ಹಾಕಿ. ಕೇಬಲ್ ಮುಟ್ಟಿದಾಗ ಎಸ್‌ಡಬ್ಲ್ಯುಆರ್ ಅಲುಗಾಡುತ್ತಿದ್ದರೆ ಇನ್ನೂ ಬೇಕು ಅಂತಲೇ ಲೆಕ್ಕ.

ಐದನೇ ಹೆಜ್ಜೆ: ಹಾರಿಜಾಂಟಲ್ ಬೇಕು, ಆದರೂ ಸುತ್ತಲೂ ಬೇಕು

ಇದು ಸ್ವಲ್ಪ ಬಿಗಿಯಾದ ಗಂಟು. ಡೈಪೋಲ್ ಮಲಗಿಸಿದರೆ ಅದರ ಖಾಲಿ ಜಾಗಗಳೂ ಮಲಗುತ್ತವೆ. ಕಡ್ಡಿಯ ಎರಡು ತುದಿಗಳ ದಿಕ್ಕಿನಲ್ಲಿರುವವರಿಗೆ ಏನೂ ಸಿಗುವುದಿಲ್ಲ. ಮೇಲಿನಿಂದ ನೋಡಿದರೆ 8ರ ಆಕಾರ.

ಸುಲಭದ ದಾರಿ ಹ್ಯಾಲೋ. ಅರ್ಧ ಅಲೆಯ ಡೈಪೋಲನ್ನು ಉಂಗುರದಂತೆ ಬಗ್ಗಿಸಿ, ತುದಿಗಳು ತಾಗದಂತೆ ಸಂದು ಬಿಡುವುದು. 2 ಮೀಟರ್‌ಗೆ ಉಂಗುರದ ಅಡ್ಡಳತೆ ಸುಮಾರು 30 ಸೆಂಟಿಮೀಟರ್. ಕಾರಿನ ಮೇಲೂ ಕೂರುತ್ತದೆ. ಗೇನ್ ಡೈಪೋಲ್‌ಗಿಂತ ಸ್ವಲ್ಪ ಕಡಿಮೆ, ಬ್ಯಾಂಡ್‌ವಿಡ್ತ್ ಕಿರಿದು. ಸಂದಿನಲ್ಲಿ ಮಳೆನೀರು ನಿಂತರೆ ಟ್ಯೂನಿಂಗ್ ಜಾರುತ್ತದೆ.

ಜಾಣತನದ ದಾರಿ ಟರ್ನ್‌ಸ್ಟೈಲ್. ಇದನ್ನು ಆರ್‌ಸಿಎ ಕಂಪನಿಯ ಇಂಜಿನಿಯರ್ ಜಾರ್ಜ್ ಬ್ರೌನ್ 1930ರ ದಶಕದಲ್ಲಿ ರೂಪಿಸಿದರು. ಮಲಗಿಸಿದ ಎರಡು ಡೈಪೋಲ್‌ಗಳು ಕೂಡು ಚಿಹ್ನೆಯಂತೆ ಒಂದನ್ನೊಂದು ಕತ್ತರಿಸುತ್ತವೆ. ಎರಡನೆಯದಕ್ಕೆ ಕರೆಂಟ್ ಕಾಲು ಸುತ್ತು, ಅಂದರೆ 90 ಡಿಗ್ರಿ, ತಡವಾಗಿ ತಲುಪುತ್ತದೆ. ಒಂದರ ಕರೆಂಟ್ ತುತ್ತತುದಿಯಲ್ಲಿದ್ದಾಗ ಇನ್ನೊಂದರದು ಸೊನ್ನೆ. ಹೀಗೆ ಒಂದರ 8 ಆಕಾರ ಸೋಲುವಲ್ಲಿ ಇನ್ನೊಂದು ಕೈಹಿಡಿಯುತ್ತದೆ. ಒಟ್ಟು 8ರ ಆಕಾರವೇ ಸೆಕೆಂಡಿಗೆ 14.5 ಕೋಟಿ ಬಾರಿ ಸುತ್ತುತ್ತದೆ. ಸುತ್ತ ಎಲ್ಲಿ ನಿಂತರೂ ಸಿಗ್ನಲ್ ಅಷ್ಟೇ.

ಇದರ ಸೊಗಸು ಇಲ್ಲಿಗೆ ಮುಗಿಯುವುದಿಲ್ಲ. ದಿಗಂತದ ಕಡೆ ನಿಂತವರಿಗೆ ಈ ಆಂಟೆನಾ ಅಪ್ಪಟ ಹಾರಿಜಾಂಟಲ್. ನೆತ್ತಿಯ ಮೇಲಿಂದ ನೋಡುವ ಉಪಗ್ರಹಕ್ಕೆ ಅದೇ ಆಂಟೆನಾ ಸರ್ಕ್ಯುಲರ್. ನಡುವಿನ ಕೋನಗಳಲ್ಲಿ ಮೊಟ್ಟೆಯಾಕಾರದ ಸುತ್ತು. ಬೆಲೆಯೂ ಇದೆ: ಶಕ್ತಿ ಎರಡು ಡೈಪೋಲ್‌ಗೆ ಹಂಚಿಹೋಗುವುದರಿಂದ ದಿಗಂತದ ಕಡೆ ಒಂಟಿ ಡೈಪೋಲ್‌ನ ಗರಿಷ್ಠಕ್ಕಿಂತ 3 ಡಿಬಿ ಕಡಿಮೆ.

ಆರನೇ ಹೆಜ್ಜೆ: ಆಕಾಶಕ್ಕೆ ಟರ್ನ್‌ಸ್ಟೈಲ್

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 145.800 ಮೆಗಾಹರ್ಟ್ಸ್‌ನಲ್ಲಿ ಎಫ್‌ಎಂ ಮಾತು, ಆಗಾಗ ಎಸ್‌ಎಸ್‌ಟಿವಿ (ಸಾಲುಸಾಲಾಗಿ ನಿಧಾನ ಬರುವ) ಚಿತ್ರ ಕಳಿಸುತ್ತದೆ. ಅದನ್ನು ಹಿಡಿಯಲು ಒಂದು ಮಾಡೋಣ. ಹಿಂಬಾಲಿಸಿ ತಿರುಗಿಸುವ ಮೋಟರ್ ಬೇಡ, ಅದೇ ಇದರ ಲಾಭ.

ಡೈಪೋಲ್‌ನ ಪ್ರತಿ ತೋಳು 49 ಸೆಂಟಿಮೀಟರ್, ಒಟ್ಟು ನಾಲ್ಕು. ಶುರುವಿಗೆ 50ಕ್ಕೆ ಕತ್ತರಿಸಿ. ನಡುವಿಗೆ ಪಿವಿಸಿ ನಾಲ್ಕು ದಾರಿಯ ಜಾಯಿಂಟ್ ಅಥವಾ ಅಕ್ರಿಲಿಕ್ ತುಂಡು. ಕೆಳಗೆ ಪ್ರತಿಫಲಕವಾಗಿ ಕೋಳಿಗೂಡಿನ ಕಬ್ಬಿಣದ ಜಾಲರಿ, ಕನಿಷ್ಠ ಒಂದೂಕಾಲು ಮೀಟರ್ ಚೌಕ. ಜಾಲರಿಯಿಂದ ಡೈಪೋಲ್‌ಗಳಿಗೆ ಎತ್ತರ ಅಲೆಯುದ್ದದ ಎಂಟರಲ್ಲಿ ಮೂರು ಪಾಲು, ಅಂದರೆ 77 ಸೆಂಟಿಮೀಟರ್. ಕಾಲು ಅಲೆ, ಅಂದರೆ 51 ಸೆಂಟಿಮೀಟರ್ ಇಟ್ಟರೆ ಎಲ್ಲ ಜೋರೂ ನೆತ್ತಿಗೇ ಹೋಗುತ್ತದೆ. ಅದು ದಂಡ. ನೆತ್ತಿಯಲ್ಲಿರುವಾಗ ನಿಲ್ದಾಣ 400 ಕಿ.ಮೀ. ಚಿಲ್ಲರೆ ದೂರದಲ್ಲಷ್ಟೇ ಇರುತ್ತದೆ, ದಿಗಂತದಲ್ಲಿರುವಾಗ 2,000 ಕಿ.ಮೀ. ದಾಟಿರುತ್ತದೆ. 77 ಸೆಂಟಿಮೀಟರ್‌ನಲ್ಲಿ ಜೋರು 45 ಡಿಗ್ರಿಯ ಆಸುಪಾಸಿಗೆ ಹರಡಿ, ನೆತ್ತಿಯಲ್ಲಿ ಒಂದಿಷ್ಟು ಕಡಿಮೆಯಾಗುತ್ತದೆ. ನಮಗೆ ಬೇಕಿರುವುದೂ ಅದೇ.

ಇನ್ನು ತಡ ಮಾಡಿಸುವ ಕೇಬಲ್. ರೇಡಿಯೋದಿಂದ ಬಂದ 50 ಓಮ್ ಕೇಬಲ್‌ನ ನಡುತಂತಿ ಮೊದಲ ಡೈಪೋಲ್‌ನ ಒಂದು ತೋಳಿಗೆ, ಕೇಬಲ್‌ನ ಹೊರಜಾಲರಿ ಎದುರು ತೋಳಿಗೆ. ಅದೇ ಎರಡು ಬಿಂದುಗಳಿಂದ ಕಾಲು ಅಲೆಯ ಇನ್ನೊಂದು ಕೇಬಲ್ ತುಂಡು ಎರಡನೇ ಡೈಪೋಲ್‌ಗೆ. ಕೇಬಲ್ ಒಳಗೆ ಅಲೆ ನಿಧಾನ ಓಡುವುದರಿಂದ ಆ ತುಂಡು 51 ಸೆಂಟಿಮೀಟರ್ ಇರುವುದಿಲ್ಲ. ಗಟ್ಟಿ ಪಾಲಿಥೀನ್ ಇರುವ ಆರ್‌ಜಿ-59 ಆದರೆ ವೇಗ ಶೇ. 66, ಉದ್ದ 33.9 ಸೆಂಟಿಮೀಟರ್. ಡಿಶ್ ಟಿವಿಗೆ ಎಳೆಯುವ ಫೋಮ್ ಆರ್‌ಜಿ-6 ಆದರೆ ಶೇ. 82ರಿಂದ 85, ಉದ್ದ 42ರಿಂದ 44. ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಊಹೆ ಬೇಡ, ಅಳೆಯೋಣ. ತುಂಡನ್ನು ಉದ್ದವಾಗಿಯೇ ಕತ್ತರಿಸಿ ಒಂದು ತುದಿಯನ್ನು ನ್ಯಾನೋವಿಎನ್‌ಎಗೆ ಹಚ್ಚಿ, ಇನ್ನೊಂದನ್ನು ತೆರೆದೇ ಬಿಡಿ. ಕೆಳಗಿನ ಫ್ರೀಕ್ವೆನ್ಸಿಯಿಂದ ಮೇಲೆ ಬರುತ್ತಾ ಮೊದಲ ಬಾರಿ ಎಲ್ಲಿ ಶಾರ್ಟ್ ಆದಂತೆ ಕಾಣುತ್ತದೋ ಅಲ್ಲಿ ಆ ತುಂಡು ಸರಿಯಾಗಿ ಕಾಲು ಅಲೆ. ಅದು 145.8ಕ್ಕೆ ಬರುವವರೆಗೆ ಚೂರು ಚೂರೇ ಕತ್ತರಿಸಿ. ಆರ್‌ಜಿ-6ರ ಜಾಲರಿ ಸಾಮಾನ್ಯವಾಗಿ ಅಲ್ಯೂಮಿನಿಯಂ, ಬೆಸುಗೆ ಹಿಡಿಯುವುದಿಲ್ಲ. ಎಫ್ ಕನೆಕ್ಟರ್ ಹಾಕಿ ಅಥವಾ ಲಗ್ ಒತ್ತಿ ಸ್ಕ್ರೂ ಬಿಗಿಯಿರಿ.

ಪ್ರತಿಫಲಕದ ಮೇಲೆ ಈ ಎತ್ತರದಲ್ಲಿ ಡೈಪೋಲ್‌ನ ಇಂಪಿಡೆನ್ಸ್ 73ರಿಂದ ಏರಿ 90 ಓಮ್ ಆಸುಪಾಸಿಗೆ ಬರುತ್ತದೆ. ತಡದ ಕೇಬಲ್‌ಗೆ 93 ಓಮ್‌ನ ಆರ್‌ಜಿ-62 ಸಿಕ್ಕರೆ ಅದೇ ಉತ್ತಮ. ಸಿಗದಿದ್ದರೆ 75 ಓಮ್‌ನ ಆರ್‌ಜಿ-59 ಅಥವಾ ಆರ್‌ಜಿ-6 ಸಾಕು. ಆಗ ಎರಡನೇ ಡೈಪೋಲ್‌ಗೆ ಸ್ವಲ್ಪ ಹೆಚ್ಚು ಶಕ್ತಿ ಹೋಗಿ ಸುತ್ತು ಕೊಂಚ ಮೊಟ್ಟೆಯಾಗುತ್ತದೆ. ಕೇಳುವ ಕೆಲಸಕ್ಕೆ ಅದರಿಂದ ಏನೂ ತೊಂದರೆ ಇಲ್ಲ.

ಸುತ್ತಿನ ದಿಕ್ಕು: ಮೇಲಿಂದ ಕೆಳಗೆ ನೋಡಿ. ಮೊದಲ ಡೈಪೋಲ್‌ನ ನಡುತಂತಿ ಸೇರಿದ ತೋಳನ್ನು ಗುರುತಿಸಿ. ಅಲ್ಲಿಂದ ಗಡಿಯಾರದ ವಿರುದ್ಧ ದಿಕ್ಕಿಗೆ 90 ಡಿಗ್ರಿ ಸರಿದರೆ ಸಿಗುವ ತೋಳಿಗೆ ತಡವಾದ ಕೇಬಲ್‌ನ ನಡುತಂತಿ ಸೇರಿದ್ದರೆ ಆಕಾಶಕ್ಕೆ ಬಲಗೈ ಸುತ್ತು. ಉಲ್ಟಾ ಬೇಕಾದರೆ ಎರಡನೇ ಡೈಪೋಲ್‌ನಲ್ಲಿ ತಡದ ಕೇಬಲ್‌ನ ನಡುತಂತಿ, ಹೊರಜಾಲರಿ ಅದಲುಬದಲು ಮಾಡಿ. ರಷ್ಯಾದ ಮೀಟಿಯರ್-ಎಂ ಹವಾಮಾನ ಉಪಗ್ರಹಗಳು 137 ಮೆಗಾಹರ್ಟ್ಸ್‌ನಲ್ಲಿ ಬಲಗೈ ಸುತ್ತಿನಲ್ಲಿ ಕಳಿಸುತ್ತವೆ. ಅವುಗಳಿಗೆ ಮಾಡುವುದಾದರೆ ಎಲ್ಲ ಅಳತೆಯನ್ನೂ ಅದೇ ಅನುಪಾತದಲ್ಲಿ ಹಿಗ್ಗಿಸಿ.

ಟರ್ನ್‌ಸ್ಟೈಲ್‌ನಲ್ಲಿ ಒಂದು ಮೋಸ ಅಡಗಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಕಾಲು ಅಲೆಯ ಕೇಬಲ್ ಇಂಪಿಡೆನ್ಸನ್ನು ತಲೆಕೆಳಗು ಮಾಡುತ್ತದೆ. ಎರಡೂ ಡೈಪೋಲ್ ಉದ್ದ ತಪ್ಪಿದ್ದರೂ ಒಂದರ ತಪ್ಪನ್ನು ಇನ್ನೊಂದು ಬಹುಮಟ್ಟಿಗೆ ಮುಚ್ಚಿಹಾಕುತ್ತದೆ. ಮೀಟರ್‌ನಲ್ಲಿ ಎಲ್ಲ ಸರಿ ಅಂತ ಕಾಣುತ್ತದೆ, ಆದರೆ ತೋಳುಗಳ ಕರೆಂಟ್ ಎಲ್ಲೋ ಇರುತ್ತದೆ, ಸುತ್ತು ಕೆಟ್ಟಿರುತ್ತದೆ. ಆದ್ದರಿಂದ ತಡದ ಕೇಬಲ್ ಸೇರಿಸುವ ಮುಂಚೆ ಒಂದೊಂದು ಡೈಪೋಲನ್ನೂ ಬೇರೆಯಾಗಿ, ಜಾಲರಿಯ ಮೇಲೇ ಇಟ್ಟು ಟ್ಯೂನ್ ಮಾಡಿ. ಆಗ ಅತಿ ಕಡಿಮೆ ಎಸ್‌ಡಬ್ಲ್ಯುಆರ್ ಹುಡುಕಬೇಡಿ, 90 ಓಮ್‌ಗೆ ಅದು ಹೇಗೂ 1.8ರ ಹತ್ತಿರವೇ ಇರುತ್ತದೆ. ರಿಯಾಕ್ಟೆನ್ಸ್ (ಉದ್ದ ತಪ್ಪಿದಾಗ ಇಂಪಿಡೆನ್ಸ್‌ನಲ್ಲಿ ಕಾಣುವ ಭಾಗ) ಸೊನ್ನೆಯಾಗುವ ಜಾಗ 145.8ಕ್ಕೆ ತನ್ನಿ.

ದಿಗಂತದವರೆಗೂ ಒಳ್ಳೆಯ ಸರ್ಕ್ಯುಲರ್ ಬೇಕೆನ್ನುವವರಿಗೆ ಎರಡು ದಾರಿಗಳಿವೆ. ನಾಲ್ಕು ತಂತಿ ತಿರುಚಿದ ಕ್ವಾಡ್ರಿಫೈಲರ್ ಹೆಲಿಕ್ಸ್ ಒಂದು, ಉಪಗ್ರಹಕ್ಕೆ ಬಹಳ ಚೆಂದ, ಬಗ್ಗಿಸಲು ತಾಳ್ಮೆ ಬೇಕು. ಇನ್ನೊಂದು ಆರ್‌ಸಿಎಯ ನಿಲ್ಸ್ ಲಿಂಡನ್‌ಬ್ಲಾಡ್ ಹೆಸರಿನದು. ನಾಲ್ಕು ಡೈಪೋಲ್‌ಗಳನ್ನು ವೃತ್ತದ ಸುತ್ತ ಇಟ್ಟು, ಎಲ್ಲವನ್ನೂ ಒಂದೇ ಕಡೆಗೆ ಸುಮಾರು 30 ಡಿಗ್ರಿ ಓರೆ ಮಾಡಿ, ಒಂದೇ ಫೇಸ್‌ನಲ್ಲಿ, ಅಂದರೆ ಎಲ್ಲದರಲ್ಲೂ ಒಟ್ಟಿಗೆ ಏರಿಳಿಯುವಂತೆ, ಕರೆಂಟ್ ಕೊಡುವುದು. ಜೋರು ದಿಗಂತದ ಕಡೆ ಇರುವುದರಿಂದ ನೆಲದ ಕೇಳುಗರಿಗೆ ಸರ್ಕ್ಯುಲರ್ ಕೊಡಬೇಕಾದಲ್ಲಿ ಇದು ಹೊಂದುತ್ತದೆ. ಮೊದಲು ಟರ್ನ್‌ಸ್ಟೈಲ್ ಕೈಹತ್ತಲಿ, ಆಮೇಲೆ ಇವು.

ಏಳನೇ ಹೆಜ್ಜೆ: ಕಂಬದ ಮೇಲೆ ಎಲ್ಲಿ?

ವರ್ಟಿಕಲ್ ಆಂಟೆನಾವನ್ನು ಕಂಬದ ತುದಿಯಲ್ಲೇ ಇಡಿ. ಕಬ್ಬಿಣದ ಕಂಬದ ಪಕ್ಕಕ್ಕೆ ಕಟ್ಟಿದರೆ ಕಂಬವೂ ನೆಟ್ಟಗಿನ ಕಡ್ಡಿಯೇ ತಾನೆ, ಅದು ಪ್ರತಿಫಲಕವಾಗಿ ಒಂದು ದಿಕ್ಕನ್ನು ಹಿಗ್ಗಿಸಿ ಇನ್ನೊಂದನ್ನು ತಿಂದುಹಾಕುತ್ತದೆ. ಸುತ್ತಲೂ ಸಮ ಅನ್ನುವ ಮಾತೇ ಹೋಯಿತು. ಹಾರಿಜಾಂಟಲ್ ಆಂಟೆನಾಗೆ ಈ ಕಾಟ ಬಹಳ ಕಡಿಮೆ, ಏಕೆಂದರೆ ನೆಟ್ಟಗಿನ ಕಂಬದಲ್ಲಿ ಅಡ್ಡ ಕ್ಷೇತ್ರ ಹೆಚ್ಚು ಕರೆಂಟ್ ಹರಿಸುವುದಿಲ್ಲ. ತಾರಸಿಯ ನೀರಿನ ಟ್ಯಾಂಕ್, ಸೋಲಾರ್ ಹೀಟರ್‌ನ ಚೌಕಟ್ಟು, ಶೀಟಿನ ಅಂಚು ಎಲ್ಲಕ್ಕಿಂತ ಮೇಲೆ ಇರಲಿ.

ಕೇಬಲ್‌ನಲ್ಲಿ ಉಳಿತಾಯ ಮಾಡಬೇಡಿ. ಈ ಬ್ಯಾಂಡ್‌ನಲ್ಲಿ ಆರ್‌ಜಿ-58 ಮೀಟರ್‌ಗೆ ಸುಮಾರು 0.2 ಡಿಬಿ ತಿನ್ನುತ್ತದೆ. 20 ಮೀಟರ್‌ಗೆ 4 ಡಿಬಿ. 5 ವ್ಯಾಟ್ ಕೊಟ್ಟರೆ ಆಂಟೆನಾಗೆ ತಲುಪುವುದು 2 ವ್ಯಾಟ್. ಆರ್‌ಜಿ-213 ಆದರೆ ನಷ್ಟ ಅದರ ಅರ್ಧಕ್ಕೂ ಕಡಿಮೆ.

ಎಂಟನೇ ಹೆಜ್ಜೆ: ನಿಜಕ್ಕೂ ಸುತ್ತಲೂ ಹೋಗುತ್ತಿದೆಯಾ?

ಬಯಲಿನಲ್ಲಿ ಆಂಟೆನಾ ನಿಲ್ಲಿಸಿ, ಅದಕ್ಕೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ಗೆ ಚುಚ್ಚುವ ಪುಟ್ಟ ರಿಸೀವರ್) ಜೋಡಿಸಿ. ಅದರ ಆಟೋಮ್ಯಾಟಿಕ್ ಗೇನ್ ಆಫ್ ಮಾಡಿಬಿಡಿ, ಇಲ್ಲದಿದ್ದರೆ ಅಂಕಿಗಳಿಗೆ ಅರ್ಥವಿಲ್ಲ. ಲೈಸೆನ್ಸ್ ಇರುವ ಸ್ನೇಹಿತರೊಬ್ಬರು ಹ್ಯಾಂಡಿಯನ್ನು ಕಡಿಮೆ ಶಕ್ತಿಗೆ ಇಟ್ಟು 30 ಮೀಟರ್ ದೂರದಲ್ಲಿ ಎಂಟು ದಿಕ್ಕಿನಲ್ಲೂ ನಿಂತು, ಖಾಲಿ ಫ್ರೀಕ್ವೆನ್ಸಿಯಲ್ಲಿ ತಮ್ಮ ಕಾಲ್‌ಸೈನ್ ಹೇಳಲಿ. ಅವರು ಯಾವಾಗಲೂ ಆಂಟೆನಾದ ಕಡೆಗೇ ಮುಖ ಮಾಡಿರಬೇಕು, ಮೈ ಅಡ್ಡ ಬಂದರೆ ಕೆಲವು ಡಿಬಿ ಹೋಗುತ್ತದೆ. ಎಂಟು ಅಂಕಿ ಬರೆದುಕೊಳ್ಳಿ. 2-3 ಡಿಬಿ ಒಳಗೆ ವ್ಯತ್ಯಾಸ ಇದ್ದರೆ ಒಳ್ಳೆಯ ಓಮ್ನಿ. ಒಂದೇ ದಿಕ್ಕಿನಲ್ಲಿ ದೊಡ್ಡ ಹಳ್ಳ ಇದ್ದರೆ ಮೊದಲು ಕೇಬಲ್ ಆ ಕಡೆ ಇಳಿದಿದೆಯೇ ನೋಡಿ.

ಆಮೇಲೆ ಪ್ರತಿ ದಿಕ್ಕಿನಲ್ಲೂ ಹ್ಯಾಂಡಿಯನ್ನು ನೆಟ್ಟಗೆ ಒಮ್ಮೆ, ಅಡ್ಡ ಒಮ್ಮೆ. ಗ್ರೌಂಡ್ ಪ್ಲೇನ್ ಆದರೆ ನೆಟ್ಟಗಿನದು ಚೆನ್ನಾಗಿ ಮೇಲಿರಬೇಕು. ವ್ಯತ್ಯಾಸ ತೀರಾ ಕಡಿಮೆ ಬಂದರೆ ಕೇಬಲ್‌ನ ಹೊರಜಾಲರಿ ಹರಡುತ್ತಿದೆ, ಫೆರೈಟ್ ಸೇರಿಸಿ. ಟರ್ನ್‌ಸ್ಟೈಲ್‌ಗೆ ಈ ಪರೀಕ್ಷೆ ನೆತ್ತಿಯಿಂದ ಮಾಡಬೇಕು. ಮರದ ಕೊಂಬೆಗೆ ಹಗ್ಗ ಹಾಕಿ ಸಣ್ಣ ಡೈಪೋಲ್ ಇಳಿಬಿಟ್ಟು ಅದನ್ನು ಅಡ್ಡಡ್ಡಲಾಗಿಯೇ ನಿಧಾನ ತಿರುಗಿಸಿ. ಅಂಕಿ 3 ಡಿಬಿಗಿಂತ ಜಾಸ್ತಿ ಆಡದಿದ್ದರೆ ಸುತ್ತು ಚೆನ್ನಾಗಿದೆ. 10 ಡಿಬಿ ಆಡಿದರೆ ತಡದ ಕೇಬಲ್ ಉದ್ದ ಇನ್ನೊಮ್ಮೆ ಅಳೆಯಿರಿ.

ಕೊನೆಗೆ ಮಳೆ, ಸಿಡಿಲು, ಕರೆಂಟ್ ತಂತಿ

ಕಂಬ ಬಿದ್ದರೆ ಎಲ್ಲಿಗೆ ಬೀಳಬಹುದು ಅಂತ ಮೊದಲು ನೋಡಿ. ಆ ವೃತ್ತದೊಳಗೆ ಕರೆಂಟ್ ತಂತಿ ಇದ್ದರೆ ಅಲ್ಲಿ ಕಂಬ ಬೇಡ, ಬೇರೆ ಜಾಗ ಹುಡುಕಿ. ಒಬ್ಬರೇ ಏರಿಸಬೇಡಿ.

ಕೇಬಲ್‌ಗೆ ನೀರು ಇಳಿಯುವುದು ಮೇಲಿನ ಕನೆಕ್ಟರ್‌ನಿಂದ. ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಕೆಳಗಿಂದ ಮೇಲಕ್ಕೆ ಸುತ್ತಿ, ಹಂಚು ಹೊದಿಸಿದಂತೆ ಪದರದ ಮೇಲೆ ಪದರ ಬರಲಿ. ಅದರ ಮೇಲೆ ಮಾಮೂಲಿ ಪಿವಿಸಿ ಟೇಪ್. ಕೇಬಲ್ ಮನೆಯೊಳಗೆ ಬರುವ ಮುಂಚೆ ಕೆಳಕ್ಕೆ ಒಂದು ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ನಡುಪಿನ್ನಿನ ಸುತ್ತ ಸಿಲಿಕೋನ್ ಹಚ್ಚುವುದಾದರೆ ವಿನೆಗರ್ ವಾಸನೆ ಬರುವ ಬಗೆ ಬೇಡ, ಅದು ತಾಮ್ರವನ್ನು ತಿನ್ನುತ್ತದೆ.

ಕಂಬವನ್ನು ದಪ್ಪ ತಂತಿಯಿಂದ ನೇರವಾಗಿ ಅರ್ಥಿಂಗ್ ಗುಂಡಿಗೆ ಸೇರಿಸಿ, ಅದನ್ನು ಮನೆಯ ಅರ್ಥಿಂಗ್ ಜೊತೆಗೂ ಜೋಡಿಸಿ. ಕೇಬಲ್ ಮನೆಗೆ ಬರುವಲ್ಲಿ ಅರೆಸ್ಟರ್ (ಸಿಡಿಲಿನ ಹೊಡೆತವನ್ನು ಅರ್ಥಿಂಗ್‌ಗೆ ತಿರುಗಿಸುವ ಸಾಧನ) ಹಾಕಿ. ಇಷ್ಟೆಲ್ಲ ಇದ್ದರೂ ನೇರ ಸಿಡಿಲಿಗೆ ಯಾವುದೂ ಪೂರ್ತಿ ಕಾವಲಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಸಂಜೆ ಮೋಡ ಕಟ್ಟುವುದನ್ನು ಕಂಡ ಕೂಡಲೇ ಕೇಬಲ್ ಬಿಚ್ಚಿ ಮನೆಯ ಹೊರಗೇ ಬಿಡಿ. ಗುಡುಗು ಕೇಳಿದ ಮೇಲೆ ಕೇಬಲ್ ಮುಟ್ಟಲು ಹೋಗಬೇಡಿ.